ಜಪಾನಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸ: ಸಂದರ್ಶನಕ್ಕಿಂತ ಜಾಸ್ತಿ ಸತಾಯಿಸಿದ್ದು ಒಂದು ಪ್ರಮಾಣಪತ್ರ

ಹೋದ ವಾರ ಸಿಒಇ ಬಂತು. ಜಪಾನಿನ ವಲಸೆ ಇಲಾಖೆ 'ಈ ವ್ಯಕ್ತಿ ಈ ಕೆಲಸಕ್ಕೆ ಅರ್ಹ' ಎಂದು ಕೊಡುವ ಪತ್ರ ಅದು. ಅದೊಂದು ಕೈಗೆ ಸಿಕ್ಕರೆ ವೀಸಾದ ದೊಡ್ಡ ಕೆಲಸ ಮುಗಿದ ಹಾಗೆ. ಸುದ್ದಿ ಹಬ್ಬಿದ ಮೇಲೆ ನಮ್ಮ ಬಿಎಡ್ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರಾದ ಮೇಲೊಬ್ಬರು ಕೇಳುತ್ತಿದ್ದಾರೆ, ವಾಯ್ಸ್ ಮೆಸೇಜ್ ಕಳಿಸಿ ಕಳಿಸಿ ಗಂಟಲು ಕೆಟ್ಟಿತು. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದುಬಿಡುತ್ತೇನೆ.

ನಾನು ಓದಿದ್ದು ಬಿಎ, ಬಿಎಡ್. ಅರಸೀಕೆರೆ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕೆಲವು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಜಪಾನಿ ಭಾಷೆ ಬರುವುದಿಲ್ಲ, ಎರಡು ಅಕ್ಷರಮಾಲೆ ಕಲಿತಿದ್ದೇನೆ ಅಷ್ಟೇ. ವಿದೇಶದಲ್ಲಿ ನೆಂಟರಿಲ್ಲ. ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಬೆಂಗಳೂರಿನ ದೊಡ್ಡ ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಓದಿದವರಿಗೆ ಮಾತ್ರ ಇದು ಸಾಧ್ಯ ಅಂದುಕೊಂಡವರು ತುಂಬಾ ಜನ ಇದ್ದಾರೆ.

ಮೊದಲು ದಾರಿಗಳು ಯಾವುವು ಅಂತ ತಿಳಿದುಕೊಳ್ಳಿ. ಎಲ್ಲರಿಗೂ ಗೊತ್ತಿರುವುದು ಜೆಟ್. ಬೇರೆ ದೇಶಗಳಿಂದ ಸಹಾಯಕ ಶಿಕ್ಷಕರನ್ನು ಕರೆಸಿಕೊಳ್ಳಲು 1987ರಿಂದ ಜಪಾನ್ ಸರ್ಕಾರವೇ ನಡೆಸುತ್ತಿರುವ ಯೋಜನೆ. ಅರ್ಜಿ ರಾಯಭಾರ ಕಚೇರಿಯ ಮೂಲಕ ಹೋಗುತ್ತದೆ. ಸಂಬಳ ಚೆನ್ನಾಗಿದೆ, 2025ರಿಂದ ಮೊದಲ ವರ್ಷಕ್ಕೇ ಸುಮಾರು 40 ಲಕ್ಷ ಯೆನ್. ಆದರೆ ಭಾರತದಿಂದ ಆಯ್ಕೆಯಾಗುವವರು ಬೆರಳೆಣಿಕೆಯಷ್ಟು. ಎರಡನೆಯದು ಡಿಸ್ಪ್ಯಾಚ್ ಕಂಪನಿಗಳು. ಸರ್ಕಾರಿ ಶಾಲೆಗಳಿಗೆ ಸಹಾಯಕ ಭಾಷಾ ಶಿಕ್ಷಕರನ್ನು, ಅಂದರೆ ಎಎಲ್‌ಟಿಗಳನ್ನು ಗುತ್ತಿಗೆ ಮೇಲೆ ಒದಗಿಸುವ ಖಾಸಗಿ ಕಂಪನಿಗಳು ಇವು. ಸಂಬಳ ಜೆಟ್‌ಗಿಂತ ಕಡಿಮೆ, ತಿಂಗಳಿಗೆ ಎರಡು ಲಕ್ಷ ಯೆನ್‌ನಿಂದ ಎರಡೂವರೆ ಲಕ್ಷದ ಆಸುಪಾಸು. ಮೂರನೆಯದು ಏಕಾಯ್ವಾ, ಸಂಜೆ ಹೊತ್ತು ಮಕ್ಕಳಿಗೂ ದೊಡ್ಡವರಿಗೂ ಮಾತಾಡುವ ಇಂಗ್ಲಿಷ್ ಹೇಳಿಕೊಡುವ ಖಾಸಗಿ ಶಾಲೆಗಳು. ನಾನು ಹೋಗುತ್ತಿರುವುದು ಎರಡನೆಯ ದಾರಿಯಲ್ಲಿ. ಕಂಪನಿಯ ಹೆಸರು ಕೇಳಬೇಡಿ, ಹೇಳುವುದಿಲ್ಲ.

ಜಾಹೀರಾತು ನೋಡುವಾಗಲೇ ಮನಸ್ಸು ಕುಗ್ಗುತ್ತದೆ. 'ನೇಟಿವ್ ಸ್ಪೀಕರ್ ಮಾತ್ರ' ಎಂದು ಬರೆದಿರುತ್ತಾರೆ. ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಪಟ್ಟಿಯಲ್ಲಿ ಆರಿಸಬೇಕು, ಕೆಲವು ಕಡೆ ಆ ಪಟ್ಟಿಯಲ್ಲಿ ಭಾರತವೇ ಇರುವುದಿಲ್ಲ. ನನಗೂ ಮೊದಮೊದಲು ಬಂದಿದ್ದು 'ಕ್ಷಮಿಸಿ' ಎನ್ನುವ ಎರಡು ಸಾಲಿನ ಇಮೇಲ್‌ಗಳೇ. ಬೇಜಾರಾಯಿತು, ಸಿಟ್ಟೂ ಬಂತು. ಆಮೇಲೆ ಕೂತು ವಲಸೆ ನಿಯಮ ಓದಿದೆ. ಮಾತೃಭಾಷೆ ಇಂಗ್ಲಿಷ್ ಆಗಿರಬೇಕು ಅಂತ ಅಲ್ಲಿ ಎಲ್ಲೂ ಇಲ್ಲ. ಸರ್ಕಾರಿ ಶಾಲೆಯಲ್ಲಿ ಕಲಿಸುವ 'ಬೋಧಕ' ವೀಸಾಗೆ ಒಂದು ಪದವಿ ಬೇಕು, ಜೊತೆಗೆ ಕಲಿಸುವ ಭಾಷೆಯ ಮಾಧ್ಯಮದಲ್ಲಿಯೇ ಕನಿಷ್ಠ 12 ವರ್ಷ ಓದಿರಬೇಕು. ಫಿಲಿಪೈನ್ಸ್, ಜಮೈಕಾದಿಂದ ಎಷ್ಟೋ ಜನ ಹೀಗೇ ಹೋಗಿ ಕಲಿಸುತ್ತಿದ್ದಾರೆ. ಹಾಗಾಗಿ ನೇಟಿವ್ ಅನ್ನುವುದು ಕಂಪನಿಯ ಆಯ್ಕೆ, ಕಾನೂನಲ್ಲ. ಇದು ಗೊತ್ತಾದ ಮೇಲೆ ಪಟ್ಟಿಯಲ್ಲಿ ಭಾರತ ಇರುವ ಕಡೆಗೆ ಮಾತ್ರ ಅರ್ಜಿ ಹಾಕಿದೆ. ಆ '12 ವರ್ಷ' ಅನ್ನುವುದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ದೊಡ್ಡ ಕಥೆ ಇದೆ.

ಜಪಾನಿನಲ್ಲಿ ಶಾಲೆ ಶುರುವಾಗುವುದು ಏಪ್ರಿಲ್‌ನಲ್ಲಿ. ಅದಕ್ಕೆ ಆಯ್ಕೆ ಹಿಂದಿನ ವರ್ಷ ದಸರಾ ಹೊತ್ತಿಗೇ ಶುರು. ಜನವರಿ ದಾಟಿದ ಮೇಲೆ ಹುಡುಕಿದರೆ ಉಳಿದಿರುವುದು ಅಲ್ಲೊಂದು ಇಲ್ಲೊಂದು.

ಅರ್ಜಿ ಉದ್ದ ಇತ್ತು, ಕಷ್ಟ ಇರಲಿಲ್ಲ. ಮೊದಲ ತೊಡಕು ಹೆಸರಿನದು. ನಮ್ಮ ಕಡೆ ಯಾರಿಗೆ ಸರ್‌ನೇಮ್ ಇರುತ್ತದೆ ಹೇಳಿ? ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಶಿಯಲ್ ಇವೆ. ಪಾಸ್‌ಪೋರ್ಟ್‌ನಲ್ಲಿ ಅವನ್ನೇ ಬಿಡಿಸಿ ಊರು, ಅಪ್ಪನ ಹೆಸರು, ನನ್ನ ಹೆಸರು ಎಲ್ಲ ಸೇರಿಸಿ ಕೊಟ್ಟಿದ್ದಾರೆ, ಸರ್‌ನೇಮ್ ಜಾಗ ಖಾಲಿ. ಕಂಪನಿಯ ಫಾರಂನಲ್ಲಿ 'ಕುಟುಂಬದ ಹೆಸರು' ತುಂಬದೆ ಮುಂದಕ್ಕೇ ಹೋಗುವುದಿಲ್ಲ. ಇಮೇಲ್ ಮಾಡಿ ಕೇಳಿದೆ. ಪಾಸ್‌ಪೋರ್ಟ್‌ನಲ್ಲಿ ಇರುವುದನ್ನು ಅಕ್ಷರ ತಪ್ಪದೆ ಬರೆಯಿರಿ, ಖಾಲಿ ಜಾಗದಲ್ಲಿ ಒಂದು ಗೆರೆ ಹಾಕಿ ಅಂದರು. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಹತ್ತಿರ ಒಂದು ಅಫಿಡವಿಟ್ ಮಾಡಿಸಿ ಇಟ್ಟುಕೊಂಡೆ, ಕೆಲವು ನೂರು ರೂಪಾಯಿ ಖರ್ಚು. ಆಮೇಲೆ ಅದನ್ನು ಕೇಳಿಯೇ ಕೇಳಿದರು. ನಿಮ್ಮದೂ ಇದೇ ಕಥೆ ಆದರೆ ಈಗಲೇ ಮಾಡಿಸಿಬಿಡಿ.

ಅರ್ಜಿ ಆದ ಮೇಲೆ ಆನ್‌ಲೈನ್‌ನಲ್ಲಿ ಒಂದು ವ್ಯಾಕರಣ ಪರೀಕ್ಷೆ. ಹೈಸ್ಕೂಲಿಗೆ ಕಲಿಸುವವರಿಗೆ ನೀರು ಕುಡಿದಷ್ಟು ಸುಲಭ. ಸ್ಪೆಲಿಂಗ್ ಅಮೆರಿಕದ್ದೋ ಬ್ರಿಟಿಷರದ್ದೋ ಒಂದನ್ನೇ ಹಿಡಿದುಕೊಳ್ಳಿ ಅಷ್ಟೇ. ಆಮೇಲೆ ಒಂದು ನಿಮಿಷದ ಪರಿಚಯದ ವಿಡಿಯೊ. ಹಿಂದೆ ಬಿಳಿ ಗೋಡೆ, ಮುಖಕ್ಕೆ ಬೆಳಕು, ನಗು. ಸೀರೆ ಉಡಬೇಕೋ ಬೇಡವೋ ಅಂತ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಕೊನೆಗೆ ಬಿಳಿ ಶರ್ಟು, ಕಪ್ಪು ಕೋಟು ಹಾಕಿದೆ, ಕೋಟು ಭಾವನದು. ಅಲ್ಲಿ ಸಂದರ್ಶನ ಅಂದರೆ ಎಲ್ಲರೂ ಹಾಕುವುದು ಅದನ್ನೇ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ನಿಮ್ಮನ್ನು ನೋಡುವವರ ಗಮನ ಬಟ್ಟೆ ಕಡೆ ಹೋಗದಿದ್ದರೆ ಒಳ್ಳೆಯದು.

ಮೊದಲ ಸಂದರ್ಶನ ನವೆಂಬರ್‌ನಲ್ಲಿ, ವಿಡಿಯೊ ಕಾಲ್‌ನಲ್ಲಿ. ಇಬ್ಬರಿದ್ದರು. ಒಬ್ಬರು ಜಪಾನಿ ಮಹಿಳೆ, ಇನ್ನೊಬ್ಬರು ಮೊದಲು ಎಎಲ್‌ಟಿ ಆಗಿದ್ದು ಈಗ ತರಬೇತಿ ಕೊಡುವ ಫಿಲಿಪೈನ್ಸ್‌ನವರು. ಯಾಕೆ ಜಪಾನ್, ಯಾಕೆ ಕಲಿಸುವ ಕೆಲಸ ಅನ್ನುವ ಪ್ರಶ್ನೆಗಳಿಗೆ ಎಲ್ಲರೂ ತಯಾರಾಗಿಯೇ ಹೋಗುತ್ತಾರೆ, ಅದನ್ನು ಬಿಡಿ. ಅವರು ನಿಜವಾಗಿ ಕೆದಕಿದ್ದು ಬೇರೆ. ಅಲ್ಲಿ ಎಎಲ್‌ಟಿ ಅಂದರೆ ಸಹಾಯಕರು ಅಷ್ಟೇ, ತರಗತಿಯ ಹೊಣೆ ಜಪಾನಿ ಶಿಕ್ಷಕರದು. 'ನೀವು ಇಷ್ಟು ವರ್ಷ ತರಗತಿಯನ್ನು ಒಬ್ಬರೇ ನಡೆಸಿದ್ದೀರಿ, ಇನ್ನೊಬ್ಬರ ಪಕ್ಕದಲ್ಲಿ ನಿಂತು ಅವರು ಹೇಳಿದಷ್ಟು ಮಾತ್ರ ಮಾಡಲು ಆಗುತ್ತದಾ?' ಇದನ್ನು ಬೇರೆ ಬೇರೆ ರೀತಿಯಲ್ಲಿ ಮತ್ತೆ ಮತ್ತೆ ಕೇಳಿದರು. ಜಪಾನಿ ಶಿಕ್ಷಕರು ಬೋರ್ಡಿನ ಮೇಲೆ ತಪ್ಪು ವಾಕ್ಯ ಬರೆದರೆ ಏನು ಮಾಡುತ್ತೀರಿ? ಅವರು ನಿಮ್ಮನ್ನು ಬರೀ ಟೇಪ್ ರೆಕಾರ್ಡರ್ ಥರ ಬಳಸಿಕೊಂಡರೆ? ಮೊದಲನೆಯದಕ್ಕೆ ನಾನು ಹೇಳಿದ್ದು: ಮಕ್ಕಳ ಮುಂದೆ ತಿದ್ದುವುದಿಲ್ಲ. ಸರಿಯಾದ ವಾಕ್ಯವನ್ನೇ ನಾನು ಒಂದೆರಡು ಸಲ ಗಟ್ಟಿಯಾಗಿ ಓದುತ್ತೇನೆ. ಅವರಿಗೇ ಗೊತ್ತಾಗಬಹುದು. ಇಲ್ಲದಿದ್ದರೆ ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಕೇಳುತ್ತೇನೆ. ಆ ಮಹಿಳೆ ಏನೋ ಬರೆದುಕೊಂಡು ಮೊದಲ ಸಲ ನಕ್ಕರು. ನಮ್ಮ ಶಾಲೆಯಲ್ಲಿ ಸೀನಿಯರ್ ಮೇಷ್ಟ್ರ ಜೊತೆ ಏಗಿದ ಅನುಭವ ಇಲ್ಲಿ ಕೆಲಸಕ್ಕೆ ಬಂತು.

ಊಟದ ಬಗ್ಗೆ ಕೇಳುತ್ತಾರೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಮಧ್ಯಾಹ್ನ ಮಕ್ಕಳೂ ಶಿಕ್ಷಕರೂ ತರಗತಿಯಲ್ಲೇ ಒಟ್ಟಿಗೆ ಕೂತು ಉಣ್ಣುತ್ತಾರೆ, ಬಡಿಸುವುದೂ ಮಕ್ಕಳೇ. ನಮ್ಮ ಬಿಸಿಯೂಟದ ಹಾಗೆ, ಆದರೆ ಶಿಕ್ಷಕರಿಗೂ ಅದೇ ಊಟ. ನಾನು ಸಸ್ಯಾಹಾರಿ. ತರಕಾರಿ ಸೂಪ್ ಅಂದರೂ ಅದರಲ್ಲಿ ಮೀನಿನ ಸಾರ ಇರುತ್ತದೆ. ಡಬ್ಬಿ ತಂದುಕೊಂಡು ಮಕ್ಕಳ ಜೊತೆಯಲ್ಲೇ ಕೂತು ತಿನ್ನುತ್ತೇನೆ ಅಂದೆ, ಅದಕ್ಕೆ ತೊಂದರೆ ಇಲ್ಲ ಅಂದರು. ಮಾಂಸ ತಿನ್ನಲೇಬೇಕು ಅನ್ನುವ ಒತ್ತಾಯ ಇಲ್ಲ. ಆದರೆ 'ಅಯ್ಯೋ, ನಾನು ಬೇರೆ ರೂಮಿನಲ್ಲಿ ತಿನ್ನುತ್ತೇನೆ' ಅನ್ನಬೇಡಿ. ಮಕ್ಕಳ ಜೊತೆ ಬೆರೆಯುವವರೋ ಅಲ್ಲವೋ ಅಂತ ನೋಡಲು ಕೇಳುವ ಪ್ರಶ್ನೆ ಅದು. ಹಚ್ಚೆ ಇದೆಯಾ, ಕಾರು ಓಡಿಸುತ್ತೀರಾ, ಯಾವ ಊರು ಕೊಟ್ಟರೂ ಹೋಗುತ್ತೀರಾ ಅಂತಲೂ ಕೇಳಿದರು. ಟೋಕಿಯೊ ಮಾತ್ರ ಬೇಕು ಅನ್ನುವವರಿಗೆ ಅವಕಾಶ ಕಡಿಮೆ, ಕಾರು ಬರುವವರಿಗೆ ಜಾಸ್ತಿ. ಹಳ್ಳಿ ಕಡೆ ಎರಡು ಮೂರು ಶಾಲೆಗೆ ಓಡಾಡಬೇಕಾಗುತ್ತದೆ, ಬಸ್ಸು ಕಡಿಮೆ.

ಎರಡನೆಯ ಸುತ್ತು ಡೆಮೊ ಪಾಠ. ನಿಜವಾದ ಪರೀಕ್ಷೆ ಇದು. ಜಪಾನ್ ಸಮಯ ಬೆಳಿಗ್ಗೆ 9 ಅಂದರೆ ನಮಗೆ ಬೆಳಗಿನ ಜಾವ ಐದೂವರೆ, ಅವರು ಮೂರೂವರೆ ಗಂಟೆ ಮುಂದೆ. ಡಿಸೆಂಬರ್ ಕೊನೆ, ಅಂದರೆ ಧನುರ್ಮಾಸ. ನಮ್ಮ ಬೀದಿಯ ಕೊನೆಯ ದೇವಸ್ಥಾನದಲ್ಲಿ ಐದು ಗಂಟೆಗೇ ಮೈಕು ಶುರು. ಹಿಂದಿನ ದಿನ ಹೋಗಿ ಅರ್ಚಕರನ್ನು ಕೇಳಿಕೊಂಡೆ. 'ಆರೂವರೆಗೆ ಹಾಕಿಸ್ತೀನಿ ಬಿಡಮ್ಮ, ನಿನ್ನ ಕೆಲಸ ಆಗಲಿ, ದೇವರೇನೂ ಬೇಜಾರು ಮಾಡ್ಕೊಳಲ್ಲ' ಅಂದರು. ಕರೆಂಟ್ ಹೋದರೆ ಇರಲಿ ಅಂತ ಮೊಬೈಲ್ ಹಾಟ್‌ಸ್ಪಾಟ್, ಪೂರ್ತಿ ಚಾರ್ಜ್ ಆದ ಲ್ಯಾಪ್‌ಟಾಪ್, ಒಂದು ಎಮರ್ಜೆನ್ಸಿ ಲೈಟು, ಎಲ್ಲ ಜೋಡಿಸಿಕೊಂಡೆ. ಕರೆಂಟ್ ಹೋಗಲಿಲ್ಲ. ಪಕ್ಕದ ಮನೆಯ ಹಸು ಮಾತ್ರ ಎರಡು ಸಲ ಕೂಗಿತು, ಅವರಿಗೂ ಕೇಳಿಸಿತು.

ವಿಷಯವನ್ನು ಎರಡು ದಿನ ಮೊದಲು ಕೊಟ್ಟಿದ್ದರು: 3ನೇ ತರಗತಿ ಮಕ್ಕಳಿಗೆ 'ಹೌ ಮೆನಿ?', ಹತ್ತು ನಿಮಿಷ. ಜಪಾನಿನಲ್ಲಿ 2020ರಿಂದ 5 ಮತ್ತು 6ನೇ ತರಗತಿಗೆ ಇಂಗ್ಲಿಷ್ ಪೂರ್ತಿ ಒಂದು ವಿಷಯ. 3 ಮತ್ತು 4ಕ್ಕೆ ಬರೀ ಆಟ, ಹಾಡು, ಮಾತು, ಅಂಕ ಇಲ್ಲ. ಅಂದರೆ ಎಬಿಸಿಡಿಯೂ ಸರಿಯಾಗಿ ಬರದ ಮಕ್ಕಳು. ನಮಗೆ ಅಭ್ಯಾಸ ಏನು? ಪಾಠ ಓದುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಪ್ರಶ್ನೋತ್ತರ ಬರೆಸುವುದು. ಅಲ್ಲಿ ಕನ್ನಡವೂ ಇಲ್ಲ, ಜಪಾನಿಯೂ ಇಲ್ಲ. ಕೈ, ಕಣ್ಣು, ಮುಖ ಮತ್ತು ಎಂಟು ಹತ್ತು ಇಂಗ್ಲಿಷ್ ಪದ, ಅಷ್ಟರಲ್ಲೇ ಪಾಠ ಮುಗಿಯಬೇಕು.

ಅಜ್ಜಿಯ ಅಳಿಗುಳಿ ಮಣೆ ಅಟ್ಟದ ಮೇಲಿತ್ತು. ಅದನ್ನು ಇಳಿಸಿ, ಕ್ಯಾಮೆರಾ ಎದುರು ಇಟ್ಟು, ಗುಳಿಗೆ ಹುಣಸೆ ಬೀಜ ಹಾಕುತ್ತಾ ಎಣಿಸಿದೆ. ಒಂದು ಗುಳಿ ಕೈಯಿಂದ ಮುಚ್ಚಿ, ಹುಬ್ಬು ಎತ್ತಿ 'ಹೌ ಮೆನಿ?' ಅಂದೆ. ಸಂದರ್ಶನ ಮಾಡುವ ಇಬ್ಬರೂ ಮಕ್ಕಳ ಪಾತ್ರ ಮಾಡುತ್ತಾರೆ. ಒಬ್ಬರು ಬೇಕಂತಲೇ ಏನೂ ಮಾತಾಡದೆ ಕೂತರು, ಇನ್ನೊಬ್ಬರು ಎದ್ದು ಓಡಾಡಿದರು. ಮಾತಾಡದ 'ಮಗು'ವನ್ನು ನಾನು ಎಬ್ಬಿಸಿ ನಿಲ್ಲಿಸಲಿಲ್ಲ. ಬೆರಳಿನಲ್ಲಿ ತೋರಿಸು ಎಂದು ಸನ್ನೆ ಮಾಡಿದೆ. ಅವರು ಮೂರು ಬೆರಳು ಎತ್ತಿದರು. ಕೈ ತೆಗೆದೆ, ಇದ್ದದ್ದು ಐದು ಬೀಜ. 'ಓ, ಸೋ ಕ್ಲೋಸ್!' ಎಂದು ಚಪ್ಪಾಳೆ ತಟ್ಟಿದೆ. ಉತ್ತರ ತಪ್ಪಾದಾಗ ನಿಮ್ಮ ಮುಖ ಹೇಗಾಗುತ್ತದೆ ಅನ್ನುವುದನ್ನೇ ಅವರು ನೋಡುವುದು, ಆಮೇಲೆ ಅವರೇ ಹೇಳಿದರು. ಡೆಮೊಗೆ ಪವರ್ ಪಾಯಿಂಟ್ ಮಾಡಿಕೊಂಡು ಹೋಗುವವರು ದಯವಿಟ್ಟು ಇದನ್ನು ಯೋಚಿಸಿ. ಕೈಯಲ್ಲಿ ಹಿಡಿಯುವ ವಸ್ತು ಇದ್ದರೆ ಅರ್ಧ ಕೆಲಸ ಆದ ಹಾಗೆ.

ಉಚ್ಚಾರಣೆ ಬಗ್ಗೆ ಎರಡು ಮಾತು. ಅಮೆರಿಕದವರ ಥರ ನಾಲಿಗೆ ಹೊರಳಿಸಬೇಕಾಗಿಲ್ಲ, ಹಾಗೆ ಮಾಡಿದರೆ ಕೇಳುವವರಿಗೇ ಹಿಂಸೆ. ಆದರೆ ಕನ್ನಡದವರ ಕೆಲವು ಅಭ್ಯಾಸ ಬಿಡಿಸಿಕೊಳ್ಳಲೇಬೇಕು. 'ಎಲಿಫೆಂಟ್' ನಮ್ಮ ಬಾಯಲ್ಲಿ 'ಯೆಲಿಫೆಂಟ್' ಆಗುತ್ತದೆ, 'ಎಮ್' ಅಕ್ಷರ 'ಯಮ್' ಆಗುತ್ತದೆ, 'ಓಪನ್' ಅನ್ನುವುದು 'ವೋಪನ್'. 'ವೆಸ್ಟ್' ಒಂದೇ ಪದ ಹೇಳಿ ದಿಕ್ಕು, ಅಂಗಿ ಎರಡನ್ನೂ ಮುಗಿಸುತ್ತೇವೆ. ನಾನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ ಕೇಳಿ ತಿದ್ದಿಕೊಂಡೆ. ಯುಕೆಜಿಯಲ್ಲಿರುವ ಅಕ್ಕನ ಮಗಳು ನನ್ನ ವಿದ್ಯಾರ್ಥಿ, ಅವಳೇ ಇನ್‌ಸ್ಪೆಕ್ಟರ್. ಎರಡು ದಿನದಲ್ಲಿ ಅವಳಿಗೆ ಬೇಸರ ಬಂದು ಚಾಕೊಲೇಟ್ ಕೊಟ್ಟರೆ ಮಾತ್ರ ಕೂರುತ್ತೇನೆ ಅಂದಳು.

ಕೊನೆಗೆ 'ನಿಮ್ಮ ಪ್ರಶ್ನೆ ಏನಾದರೂ?' ಅನ್ನುತ್ತಾರೆ. ಸಂಕೋಚ ಪಡದೆ ಕೇಳಿ. ಆರೋಗ್ಯ ವಿಮೆ, ಪಿಂಚಣಿ ಇರುವ ಶಾಕಾಯ್ ಹೋಕೆನ್‌ಗೆ ಸೇರಿಸುತ್ತಾರಾ? ಎಷ್ಟು ಶಾಲೆ? ಕಾರಿನ ಬಾಡಿಗೆ, ಪೆಟ್ರೋಲ್ ಯಾರದು? ಆಗಸ್ಟ್ ರಜೆಯಲ್ಲಿ ಪೂರ್ತಿ ಸಂಬಳವಾ? ಈ ಕೊನೆಯದು ಬಹಳ ಮುಖ್ಯ. ಹಲವು ಡಿಸ್ಪ್ಯಾಚ್ ಕಂಪನಿಗಳು ಶಾಲೆಗೆ ರಜೆ ಇರುವ ತಿಂಗಳಲ್ಲಿ ಸಂಬಳ ಕತ್ತರಿಸುತ್ತವೆ. ನನ್ನ ಕಂಪನಿಯೂ ಕತ್ತರಿಸುತ್ತದೆ. ಗೊತ್ತಿದ್ದೇ ಒಪ್ಪಿಕೊಂಡೆ.

ಆಮೇಲೆ ಮೌನ. ದಿನಕ್ಕೆ ಎಷ್ಟು ಸಲ ಇಮೇಲ್ ತೆರೆದೆನೋ. ಹೊಸ ವರ್ಷಕ್ಕೆ ಅಲ್ಲಿ ಕಚೇರಿಗಳೆಲ್ಲ ಮುಚ್ಚಿರುತ್ತವೆ, ಡಿಸೆಂಬರ್ ಕೊನೆಯಿಂದ ಜನವರಿ ಮೊದಲ ದಿನಗಳವರೆಗೆ ಏನೂ ಬರುವುದಿಲ್ಲ. ಅದು ಗೊತ್ತಿಲ್ಲದೆ ನಾನು ಸುಮ್ನೆ ಒಳಗೊಳಗೇ ಕೊರಗಿದೆ. ಅಮ್ಮ ಮಾತ್ರ ಖುಷಿಯಾಗಿದ್ದರು. 'ಬರದಿದ್ರೆ ಒಳ್ಳೇದೇ ಆಯ್ತು, ಇಲ್ಲಿ ಮಕ್ಕಳಿಲ್ವಾ ಪಾಠ ಹೇಳೋಕೆ' ಅಂತ ದಿನಾ ಅನ್ನುತ್ತಿದ್ದರು. ಸಂಕ್ರಾಂತಿ ಹತ್ತಿರ ಬರುವಾಗ ಪತ್ರ ಬಂತು: ಆಯ್ಕೆ ಆಗಿದೆ, ಗುನ್ಮಾ ಪ್ರಾಂತ್ಯ, ದಾಖಲೆಗಳನ್ನು ಹತ್ತು ದಿನದಲ್ಲಿ ಕಳಿಸಿ.

ಈಗ ಆ 12 ವರ್ಷದ ಕಥೆ. ಒಂದನೇ ತರಗತಿಯಿಂದ ಎಲ್ಲೆಲ್ಲಿ, ಯಾವ ಮಾಧ್ಯಮದಲ್ಲಿ ಓದಿದಿರಿ ಎಂದು ತುಂಬಬೇಕು, ಪ್ರತಿ ಶಾಲೆ ಕಾಲೇಜಿನಿಂದ 'ಬೋಧನಾ ಮಾಧ್ಯಮ ಇಂಗ್ಲಿಷ್' ಎಂಬ ಪತ್ರ ಬೇಕು. ನಾನು ಒಂದರಿಂದ ನಾಲ್ಕು ಓದಿದ್ದು ಊರಿನ ಕಾನ್ವೆಂಟ್‌ನಲ್ಲಿ. ಪುಸ್ತಕ ಇಂಗ್ಲಿಷ್, ಪರೀಕ್ಷೆ ಇಂಗ್ಲಿಷ್, ಕನ್ನಡ ಮಾತಾಡಿದರೆ ದಂಡ. ಅಲ್ಲಿ ಹೋಗಿ ಕೇಳಿದರೆ ಗುಮಾಸ್ತರು ದಪ್ಪ ರಿಜಿಸ್ಟರ್ ತೆಗೆದು ತೋರಿಸಿದರು. 'ನೋಡಮ್ಮ, ಕನ್ನಡ ಮಾಧ್ಯಮ ಅಂತಿದೆ. ಇಂಗ್ಲಿಷ್ ಅಂತ ಬರೆದುಕೊಟ್ರೆ ನನ್ನ ಕೆಲಸ ಹೋಗುತ್ತೆ.'

ಕಾರಣ ಹಳೆಯದು. 1994ರ ಭಾಷಾ ನೀತಿಯ ಪ್ರಕಾರ 1ರಿಂದ 4ನೇ ತರಗತಿ ಕನ್ನಡದಲ್ಲೋ ಮಾತೃಭಾಷೆಯಲ್ಲೋ ಇರಬೇಕಿತ್ತು. ಎಷ್ಟೋ ಖಾಸಗಿ ಶಾಲೆಗಳು ಕನ್ನಡ ಮಾಧ್ಯಮಕ್ಕೆ ಅಂತ ಅನುಮತಿ ತೆಗೆದುಕೊಂಡು ಒಳಗೆ ಇಂಗ್ಲಿಷ್‌ನಲ್ಲಿ ಪಾಠ ಮಾಡಿದವು. 2014ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರ ಹಾಗೆ ಮಾಧ್ಯಮ ಹೇರುವಂತಿಲ್ಲ ಅಂದಿತು. ಆದರೆ ಹಳೆಯ ರಿಜಿಸ್ಟರ್ ಹಾಗೇ ಇದೆ. ನಮ್ಮ ವಯಸ್ಸಿನ ತುಂಬಾ ಜನರಿಗೆ ತಾವು ಕಾಗದದ ಮೇಲೆ ಕನ್ನಡ ಮಾಧ್ಯಮದವರು ಅನ್ನುವುದೇ ಗೊತ್ತಿಲ್ಲ.

ಆ ನಾಲ್ಕು ವರ್ಷ ಬಿಟ್ಟು ಲೆಕ್ಕ ಹಾಕಿದೆ. 5ರಿಂದ 10 ಅಂದರೆ ಆರು, ಪಿಯುಸಿ ಎರಡು, ಬಿಎ ಮೂರು. ಹನ್ನೊಂದು! ಎದೆ ಧಸಕ್ ಅಂದಿತು. ಕಾಪಾಡಿದ್ದು ಬಿಎಡ್. ಅದು ಎರಡು ವರ್ಷ, ಒಟ್ಟು ಹದಿಮೂರು. ಕಾಲೇಜಿನ ವರ್ಷಗಳೂ ಸೇರುತ್ತವೆ ಎಂದು ಕಂಪನಿಯವರನ್ನು ಬರವಣಿಗೆಯಲ್ಲಿ ಕೇಳಿ ಖಚಿತ ಮಾಡಿಕೊಂಡೆ. ಹಳೆಯ ಒಂದು ವರ್ಷದ ಬಿಎಡ್ ಮಾಡಿದವರಿಗೆ ಸರಿಯಾಗಿ 12 ಬರುತ್ತದೆ. ಬಿಎ, ಬಿಎಡ್‌ನಲ್ಲಿ ಕನ್ನಡದಲ್ಲಿ ಉತ್ತರ ಬರೆದವರಿಗೆ ಆ ವರ್ಷ ಸೇರುವುದಿಲ್ಲ. ಅಂಕಪಟ್ಟಿಯಲ್ಲಿ ಮಾಧ್ಯಮ ಇರುವುದಿಲ್ಲ, ಪ್ರಿನ್ಸಿಪಾಲರ ಪತ್ರವೇ ಬೇಕು. ನಮ್ಮ ಡಿಗ್ರಿ ಕಾಲೇಜಿನಲ್ಲಿ 'ಇಂಥ ಪತ್ರ ಕೊಟ್ಟ ಉದಾಹರಣೆಯೇ ಇಲ್ಲ, ಯೂನಿವರ್ಸಿಟಿಗೆ ಹೋಗಿ' ಅಂದರು. ಯೂನಿವರ್ಸಿಟಿಯಲ್ಲಿ 'ಕಾಲೇಜಿನವರೇ ಕೊಡಬೇಕು' ಅಂದರು. ಮಧ್ಯೆ ಹಬ್ಬದ ರಜೆ ಬೇರೆ. ನಾನೇ ಇಂಗ್ಲಿಷ್‌ನಲ್ಲಿ ಡ್ರಾಫ್ಟ್ ಟೈಪ್ ಮಾಡಿಸಿಕೊಂಡು ಹೋಗಿ, ಲೆಟರ್‌ಹೆಡ್ ಮೇಲೆ ಪ್ರಿಂಟ್ ಹಾಕಿಸಿ, ಸಹಿ ಮಾತ್ರ ಕೇಳಿದೆ. ಅರ್ಧ ದಿನದಲ್ಲಿ ಆಯಿತು. ನೀವೂ ಹಾಗೇ ಮಾಡಿ. ಕನ್ನಡದಲ್ಲಿರುವ ದುಂಡು ಸೀಲಿನಲ್ಲಿ ಏನು ಬರೆದಿದೆ ಎಂದೂ ಕಂಪನಿಯವರು ಕೇಳಿದರು, ಅದರ ಅನುವಾದವನ್ನೂ ಕಳಿಸಿದೆ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ನನಗಿಂತ ಚೆನ್ನಾಗಿ ಇಂಗ್ಲಿಷ್ ಕಲಿಸುವ ಗೆಳತಿ ಇದ್ದಾಳೆ. ಎಂಎ ಸೇರಿಸಿದರೂ ಅವಳ ಲೆಕ್ಕ 12 ಮುಟ್ಟುವುದಿಲ್ಲ. ನನಗೆ ಈ ನಿಯಮ ಅನ್ಯಾಯ ಅನಿಸುತ್ತದೆ. ಅಂಥವರಿಗೆ ಏಕಾಯ್ವಾ ದಾರಿ ಇದೆ, ಅಲ್ಲಿನ ವೀಸಾ ಬೇರೆ ಬಗೆಯದು, ಅದಕ್ಕೆ ಪದವಿ ಬೇಕು, 12 ವರ್ಷದ ಷರತ್ತಿಲ್ಲ. ಆದರೆ ನೇಟಿವ್ ಹುಚ್ಚು ಅಲ್ಲಿ ಇನ್ನೂ ಜಾಸ್ತಿ.

ಖರ್ಚಿನ ವಿಷಯ. ಆಯ್ಕೆಗೆ ಕಂಪನಿ ಒಂದು ಪೈಸೆಯನ್ನೂ ಕೇಳಲಿಲ್ಲ. ಕೆಲಸ ಕೊಡಿಸುತ್ತೇವೆ ಅಂತ ಮುಂಗಡ ಕೇಳುವ ಏಜೆಂಟರು ಸಿಕ್ಕರೆ ಫೋನ್ ಇಟ್ಟುಬಿಡಿ. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾದಲ್ಲಿ 500 ರೂಪಾಯಿ. ಅಪಾಸ್ಟಿಲ್, ಅಂದರೆ ವಿದೇಶದಲ್ಲಿ ತೋರಿಸುವ ದಾಖಲೆ ಅಸಲಿ ಎಂದು ಸರ್ಕಾರ ಹಾಕುವ ಮುದ್ರೆ, ಮಾಡಿಸಲೇಬೇಕು ಅಂತ ಒಬ್ಬರು ಹೆದರಿಸಿದ್ದರು, ನನ್ನ ಕಂಪನಿ ಡಿಗ್ರಿಯ ಸ್ಕ್ಯಾನ್ ಪ್ರತಿಯಲ್ಲೇ ಮುಗಿಸಿತು. ಆದ್ದರಿಂದ ಕೇಳದೆ ಮಾಡಿಸಬೇಡಿ. ದೊಡ್ಡ ಖರ್ಚು ಮುಂದಿದೆ. ಏಪ್ರಿಲ್‌ನಲ್ಲಿ ಸೇರಿದರೆ ಮೊದಲ ಸಂಬಳ ಮೇ ಕೊನೆಗೆ. ಅಲ್ಲಿಯವರೆಗೆ ಊಟ, ಮನೆ ಅಡ್ವಾನ್ಸ್, ಮನೆ ಮಾಲೀಕರಿಗೆ ವಾಪಸ್ ಬರದ ರೇಕಿನ್ ಅನ್ನುವ ಕಾಣಿಕೆ, ಎಲ್ಲ ಕೈಯಿಂದಲೇ. ನಾಲ್ಕು ಲಕ್ಷ ಯೆನ್ ತನ್ನಿ ಅಂದಿದ್ದಾರೆ, ಅಂದರೆ ಎರಡು ಲಕ್ಷ ರೂಪಾಯಿಗೂ ಮೇಲೆ, ವಿಮಾನದ ಟಿಕೆಟ್ ಬೇರೆ. ಉಳಿತಾಯ ಸಾಲದೆ ಸೊಸೈಟಿಯಲ್ಲಿ ಸಾಲ ತೆಗೆದೆ.

ಸಿಒಇಗೆ ಅಲ್ಲಿ ಅರ್ಜಿ ಹಾಕುವುದು ಕಂಪನಿಯೇ. ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಈಗ ಇಮೇಲ್‌ನಲ್ಲೇ ಬರುವುದರಿಂದ ಕೊರಿಯರ್ ಕಾಯುವ ಕಾಟ ಇಲ್ಲ. ಬಂದ ಮೇಲೆ ಮೂರು ತಿಂಗಳೊಳಗೆ ಜಪಾನ್ ತಲುಪಬೇಕು. ಮನೆಯವರ ಹತ್ತಿರ ಹೇಳಿ ಶಾಲೆಗೆ ರಾಜೀನಾಮೆ ಕೊಡುವುದಿದ್ದರೆ ಸಿಒಇ ಬಂದ ಮೇಲೆಯೇ ಕೊಡಿ, ಆಫರ್ ಪತ್ರ ನಂಬಿ ಕೊಡಬೇಡಿ. ಪರೀಕ್ಷೆ ಹತ್ತಿರ ಇರುವಾಗ ಬಿಡುತ್ತೇನೆ ಅಂದರೆ ನಮ್ಮ ಹೆಡ್‌ಮಿಸ್‌ಗೆ ಕಷ್ಟ, ಅದಕ್ಕೆ 10ನೇ ತರಗತಿ ಪೋರ್ಷನ್ ಮುಗಿಸಿ, ರಿವಿಷನ್ ನೋಟ್ಸ್ ಕೊಟ್ಟು ಬರುತ್ತಿದ್ದೇನೆ.

ಕಾರು ಓಡಿಸುವವರು ಹೊರಡುವ ಮೊದಲು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಶುಲ್ಕ 1000 ರೂಪಾಯಿ. ನಮ್ಮ ಪರ್ಮಿಟ್ ಜಪಾನಿನಲ್ಲಿ ಒಂದು ವರ್ಷ ನಡೆಯುತ್ತದೆ, ಸ್ಟಿಯರಿಂಗ್ ಕೂಡ ನಮ್ಮ ಹಾಗೇ ಬಲಗಡೆ. ಪರ್ಮಿಟ್‌ಗೆ ವೀಸಾ ಪ್ರತಿ ಕೇಳುತ್ತಾರೆ. ಹಾಗಾಗಿ ವೀಸಾ ಸ್ಟ್ಯಾಂಪ್ ಆಗಿ ಪಾಸ್‌ಪೋರ್ಟ್ ಕೈಗೆ ಬಂದ ದಿನದಿಂದ ವಿಮಾನ ಹತ್ತುವವರೆಗೆ ನಾಲ್ಕೈದು ಕೆಲಸದ ದಿನವಾದರೂ ಉಳಿಯುವ ಹಾಗೆ ಟಿಕೆಟ್ ಬುಕ್ ಮಾಡಿ. ನಾನು ಇನ್ನೂ ಮಾಡಿಲ್ಲ, ಪಾಸ್‌ಪೋರ್ಟ್ ವೀಸಾ ಕೇಂದ್ರದಲ್ಲಿದೆ.